ಕೆಂಪು ಬಿಲ್ಲೆ

ನಮ್ಮ ಶಾಲೆಯಲ್ಲಿ ಇಬ್ಬರೇ ಶಿಕ್ಷಕರು. ಒಂದರಿಂದ ಮೂರನೇ ತರಗತಿ ಮುಖ್ಯ ಶಿಕ್ಷಕರ ಕೋಣೆಯಲ್ಲಿ, ನಾಲ್ಕು ಮತ್ತು ಐದು ನನ್ನ ಕೋಣೆಯಲ್ಲಿ. ನಾಲ್ಕನೆಯವರಿಗೆ ಭಾಗಾಕಾರ ಹೇಳಿಕೊಡುವಾಗ ಐದನೆಯವರು ಕಿಟಕಿಯಾಚೆ ಕಾಯಿ ಕೀಳುವವರನ್ನು ನೋಡುತ್ತಾ ಕೂರುತ್ತಾರೆ. ಐದನೆಯವರ ಕಡೆ ತಿರುಗಿದರೆ ನಾಲ್ಕನೆಯವರು ಜಗಳ ತೆಗೆಯುತ್ತಾರೆ. ಇಂಥ ಹೊತ್ತಲ್ಲಿ ಬೆಂಗಳೂರಿನ ಒಂದು ಸಂಸ್ಥೆ ಟ್ಯಾಬ್ ಕೊಡುತ್ತದೆ, ತರಗತಿ ನಡೆಸುವ ಕ್ರಮವನ್ನೂ ಕಲಿಸುತ್ತದೆ ಅಂತ ಸುದ್ದಿ ಬಂದಾಗ ಮೊದಲು ಹೆಸರು ಕೊಟ್ಟವಳು ನಾನೇ.

ತರಬೇತಿ ತುಮಕೂರಿನಲ್ಲಿ. ನನ್ನ ಮನೆಯೂ ಅಲ್ಲೇ ಆದ್ದರಿಂದ ಶಾಲೆಗೆಂದು ಗುಬ್ಬಿ ಬಸ್ಸು, ಅಲ್ಲಿಂದ ಚೇಳೂರು ಬಸ್ಸು ಹಿಡಿಯುವ ಓಟ ಆ ದಿನಗಳಲ್ಲಿ ಇರಲಿಲ್ಲ. ಬ್ಲೆಂಡೆಡ್ ಲರ್ನಿಂಗ್ ಅಂದರು. ಟೀಚರ್ ಹೇಳಿಕೊಡುವುದು, ಟ್ಯಾಬ್ ಹೇಳಿಕೊಡುವುದು, ಮಕ್ಕಳು ತಾವೇ ಮಾಡಿ ಕಲಿಯುವುದು, ಮೂರನ್ನೂ ಒಂದೇ ತರಗತಿಯಲ್ಲಿ ಬೆರೆಸುವುದು. ಅದಕ್ಕೆ ದಾರಿ ಸ್ಟೇಷನ್ ರೊಟೇಷನ್. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಮೇಜು. ಒಂದರಲ್ಲಿ ಟೀಚರ್, ಒಂದರಲ್ಲಿ ಟ್ಯಾಬ್, ಒಂದರಲ್ಲಿ ಬರವಣಿಗೆ, ಒಂದರಲ್ಲಿ ಕೈಕೆಲಸ. ಮಕ್ಕಳು ನಾಲ್ಕು ಗುಂಪಾಗಿ ಕೂರಬೇಕು. ಗಂಟೆ ಹೊಡೆದಾಗ ಪ್ರತಿ ಗುಂಪೂ ಎದ್ದು ಮುಂದಿನ ಮೇಜಿಗೆ ಹೋಗಬೇಕು. ಟೀಚರ್ ಇಡೀ ತರಗತಿಗೆ ಕಿರುಚುವ ಬದಲು ಒಂದು ಸಲಕ್ಕೆ ಐದಾರು ಮಕ್ಕಳ ಜೊತೆ ಮೆತ್ತಗೆ ಮಾತಾಡಬಹುದು. ಇದನ್ನು ಕೇಳಿದಾಗ ನನ್ನ ಗಂಟಲಿಗೇ ಒಂದು ಸಮಾಧಾನ ಆದ ಹಾಗಾಯಿತು.

ಗುಂಪು ಮಾಡುವ ಕೆಲಸವೂ ನಮ್ಮದಲ್ಲ. ಮಕ್ಕಳು ಟ್ಯಾಬ್‌ನಲ್ಲಿ ಒಂದು ಪರೀಕ್ಷೆ ಬರೆದರೆ ಆ್ಯಪ್ ತಾನೇ ಮಟ್ಟ ನೋಡಿ ಹಸಿರು, ನೀಲಿ, ಹಳದಿ, ಕೆಂಪು ಅಂತ ಹಂಚುತ್ತಿತ್ತು. ಆಯಾ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳ ಒಂದು ಡಬ್ಬಿಯನ್ನೂ ಕೊಟ್ಟಿದ್ದರು. ಅಂಗಿಗೆ ಸಿಕ್ಕಿಸಿಕೊಳ್ಳುವಂಥವು. "ಗಲಿಬಿಲಿ ಆಗಲ್ಲ ಮೇಡಂ, ಯಾರು ಯಾವ ಗುಂಪು ಅಂತ ದೂರದಿಂದಲೇ ಗೊತ್ತಾಗುತ್ತೆ," ಅಂದ, ನಮ್ಮ ಶಾಲೆಗೆ ಸಂಸ್ಥೆ ಗೊತ್ತುಮಾಡಿದ್ದ ಸಂಯೋಜಕ. ಆಗಷ್ಟೇ ಓದು ಮುಗಿಸಿದ ಹುಡುಗ, ಚುರುಕು, ಫೋನ್ ಮಾಡಿದರೆ ತಕ್ಷಣ ಎತ್ತುತ್ತಿದ್ದ.

ಮೊದಮೊದಲು ಕೋಣೆ ಸಂತೆಯಾಯಿತು. ಗಂಟೆ ಹೊಡೆದರೆ ನಾಲ್ಕೂ ಗುಂಪು ಒಂದೇ ಕಡೆಗೆ ನುಗ್ಗುತ್ತಿದ್ದವು, ಟ್ಯಾಬ್ ಇರುವ ಕಡೆಗೆ. ಹೆಡ್‌ಫೋನ್ ವೈರುಗಳು ಗಂಟು ಬೀಳುತ್ತಿದ್ದವು. ಕೆಲವರು ಪ್ರಶ್ನೆ ಓದದೆ ಸರಿ ಉತ್ತರ ಸಿಗುವವರೆಗೂ ಬೆರಳು ಕುಟ್ಟುತ್ತಿದ್ದರು. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದೆ. ಟೀಚರ್ ಮೇಜಿನ ಹತ್ತಿರ ಬಂದು ಕೇಳುವ ಮುಂಚೆ ಪಕ್ಕದ ಇಬ್ಬರನ್ನು ಕೇಳಿರಬೇಕು ಅಂತ ನಿಯಮ ಮಾಡಿದೆ. ಟ್ಯಾಬ್ ಮೇಜಿನಲ್ಲಿ ಪ್ರತಿ ಉತ್ತರದ ಲೆಕ್ಕವನ್ನು ಸ್ಲೇಟಿನಲ್ಲಿ ಬಿಡಿಸಿ ತೋರಿಸಲೇಬೇಕು ಅಂದೆ. ಕೈಕೆಲಸದ ಮೇಜಿಗೆ ಹುಣಸೆಬೀಜ, ತೆಂಗಿನ ಚಿಪ್ಪು, ಅಳತೆ ಟೇಪು ತಂದಿಟ್ಟೆ. ಮಳೆಗಾಲ ಹಿಡಿಯುವ ಹೊತ್ತಿಗೆ ಗಂಟೆ ಹೊಡೆದರೆ ಮಕ್ಕಳು ಬಾಣದ ಮೇಲೆ ನಡೆದು ಸದ್ದಿಲ್ಲದೆ ಮೇಜು ಬದಲಿಸುವಂತಾದರು. ಮುಖ್ಯ ಶಿಕ್ಷಕರು ಬಾಗಿಲಲ್ಲಿ ನಿಂತು ನೋಡಿ, "ಪರವಾಗಿಲ್ವೇ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕೆಂಪು ಗುಂಪಿನಲ್ಲಿ ಆರು ಮಕ್ಕಳು. ಪದ ಕೂಡಿಸಿ ಓದಲು ಕಷ್ಟಪಡುವವರು. ಅವರು ನನ್ನ ಮೇಜಿಗೆ ಬಂದಾಗ ನಾನು ಬೇರೆಯವರಿಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಿದ್ದೆ. ಒತ್ತಕ್ಷರದ ಹತ್ತಿರ ಎಡವುತ್ತಿದ್ದ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ಇಲ್ಲಿ ಬೇಡ, ಅವಳ ಮನೆಯಲ್ಲಿ ಕರೆಯುವಂತೆ ಪುಟ್ಟಿ ಅನ್ನುತ್ತೇನೆ. ನಾಲ್ಕನೇ ತರಗತಿ. ಒಂದು ದಿನ 'ಅಕ್ಕಪಕ್ಕ' ಅನ್ನುವ ಪದವನ್ನು ತಡೆಯದೆ ಓದಿ, ತಾನೇ ಓದಿದ್ದಾ ಅನ್ನುವ ಹಾಗೆ ಹಿಂದೆ ತಿರುಗಿ ನೋಡಿದಳು. ಇದು ನಡೆಯುತ್ತಿದೆ ಅಂತ ನನಗೆ ಧೈರ್ಯ ಬಂದದ್ದು ಆ ದಿನ.

ಅದಾದ ವಾರವೇ ಪುಟ್ಟಿಯ ತಾಯಿ ಶಾಲೆಗೆ ಬಂದರು. ಅವರು ಕೋರ ಅನ್ನುವ ಊರಿನ ಆಚೆಗಿನ ಒಂದು ಫ್ಯಾಕ್ಟರಿಗೆ ಹೋಗುವವರು. ಬೆಳಗ್ಗೆ ವ್ಯಾನು ಬಂದು ಊರಿನ ಹೆಂಗಸರನ್ನು ಹತ್ತಿಸಿಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ವಾರದ ರಜೆ ಬುಧವಾರ. ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಆಕೆ ವರಾಂಡದ ಕಂಬದ ಹತ್ತಿರ ನಿಂತು, ನಾನು ಕರೆಯುವವರೆಗೂ ಕಾದರು.

"ಮಿಸ್, ಒಂದು ಕೇಳ್ಬೇಕಿತ್ತು. ಈ ಕೆಂಪು ಅಂದ್ರೆ ಏನು?"

ನಾನು ಉತ್ಸಾಹದಿಂದಲೇ ವಿವರಿಸಿದೆ. ಮಟ್ಟ, ಗುಂಪು, ಹೆಚ್ಚಿನ ಗಮನ. ಆಕೆ ಪೂರ್ತಿ ಕೇಳಿಸಿಕೊಂಡರು.

"ಅದಲ್ಲ ಮಿಸ್. ಪುಟ್ಟಿ ಅಂಗಡಿಗೆ ಹೋದ್ರೆ ಹುಡುಗ್ರು 'ಕೆಂಪು ಬಂತು, ಕೆಂಪು ಬಂತು' ಅಂತವ್ರಂತೆ. ಇವ್ಳು ಮನೆ ಹತ್ರ ಬರ್ತಿದ್ದಂಗೆ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕ್ಕೊತಾಳೆ. ಕೆಂಪು ಅಂದ್ರೆ ದಡ್ಡರು ಅಂತ ಇರ್ಬೇಕು ಅಂದ್ಕೊಂಡೆ. ಆಮೇಲೆ ಯಾರ್‍ಯಾರು ಕೆಂಪು ಅಂತ ಕೇಳಿದೆ. ಹೇಳಿದ್ಲು." ಆಕೆ ತಟ್ಟೆ ತೊಳೆಯುತ್ತಿದ್ದ ಮಕ್ಕಳ ಕಡೆ ನೋಡಿದರು. "ಐದು ಜನ ನಮ್ಮ ಕಾಲೋನಿ ಮಕ್ಳೇ. ಕೆಂಪು ಅಂದ್ರೆ ನಾವಾ ಮಿಸ್?"

ಮನಸ್ಸಿನಲ್ಲೇ ಒಬ್ಬೊಬ್ಬರ ಮುಖ ತಂದುಕೊಂಡೆ. ಐದು ಮಕ್ಕಳು ಊರಿನ ಆಚೆಗಿರುವ ಕಾಲೋನಿಯವರು. ಆರನೆಯವನು ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದವರ ಹುಡುಗ. ಹಸಿರು ಗುಂಪಿನಲ್ಲಿ ಕಾಲೋನಿಯವರು ಒಬ್ಬರೂ ಇಲ್ಲ. ಇಷ್ಟು ವಾರ ದಿನವೂ ನೋಡುತ್ತಿದ್ದ ಆರು ಮುಖಗಳು.

"ನಾನು ಮಾಡಿದ್ದಲ್ಲ," ಅಂದೆ. "ಟ್ಯಾಬ್ ಪರೀಕ್ಷೆ ಇಟ್ಟು ಅದೇ ಹಂಚೋದು. ಯಾರು ಯಾವ ಬೀದಿ, ಯಾವ ಜಾತಿ ಅಂತ ಮಿಷನ್‌ಗೆ ಏನು ಗೊತ್ತು?"

"ಮಿಷನ್‌ಗೆ ಗೊತ್ತಿಲ್ಲ ಮಿಸ್," ಅಂದರು ಆಕೆ. "ನಿಮ್ಗೆ ಗೊತ್ತಲ್ಲ."

ದನಿ ಏರಿಸಲಿಲ್ಲ. ಬರುವ ಸೋಮವಾರದೊಳಗೆ ಇದನ್ನು ಸರಿ ಮಾಡದಿದ್ದರೆ ಕಾಲೋನಿಯ ಮಕ್ಕಳು ಯಾರೂ ಬರುವುದಿಲ್ಲ, ಬೀದಿಯವರೆಲ್ಲ ಮಾತಾಡಿಕೊಂಡಿದ್ದೇವೆ ಅಂತ ಹೇಳಿ ಹೊರಟರು.

ಮುಖ್ಯ ಶಿಕ್ಷಕರಿಗೆ ಹೇಳಿದೆ. ಅವರು ಚೇಳೂರು ಕಡೆಯವರೇ, ನಿವೃತ್ತಿಗೆ ಹತ್ತಿರ. ಕನ್ನಡಕ ತೆಗೆದು ಒರೆಸಿದರು. "ಇನ್ನೆರಡು ವಾರಕ್ಕೆ ಬೆಂಗಳೂರಿಂದ ಸಂಸ್ಥೆಯವರು ನೋಡೋಕೆ ಬರ್ತಾರೆ. ಅಲ್ಲೀತನಕ ಏನೂ ಅಲ್ಲಾಡಿಸ್ಬೇಡಿ ಮೇಡಂ. ಜನ ಕೋಪದಲ್ಲಿ ಹೇಳ್ತಾರೆ, ಮಕ್ಕಳನ್ನ ಮನೇಲಿ ಎಷ್ಟು ದಿನ ಇಟ್ಕೊತಾರೆ?" ಸಂಯೋಜಕನಿಗೆ ಫೋನ್ ಮಾಡಿದೆ. ಅವನು ಪಾಪ, ನಿಜವಾಗಿಯೂ ಗಾಬರಿಯಾದ. ಆದರೆ ಬಣ್ಣ ಬದಲಿಸಲು ತನಗೆ ಅಧಿಕಾರವಿಲ್ಲ, ಮಟ್ಟವಾರು ಗುಂಪೇ ಈ ಮಾದರಿಯ ಬೆನ್ನೆಲುಬು, ಗುಂಪು ಕಲೆಸಿದರೆ ಡೇಟಾ ಹಾಳಾಗುತ್ತದೆ ಅಂದ. ಗುರುವಾರ, ಶುಕ್ರವಾರ, ಶನಿವಾರ ನಾನೂ ಅದೇ ಗುಂಪುಗಳಲ್ಲಿ ಪಾಠ ಮಾಡಿದೆ. ಗಂಟೆ ಹೊಡೆದಾಗ ಕೆಂಪು ಗುಂಪು ಎದ್ದು ನಡೆದರೆ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ.

ಸೋಮವಾರ ಅವರು ಬರಲಿಲ್ಲ.

ಕೆಂಪಿನ ಐವರು ಮಾತ್ರ ಅಲ್ಲ, ಹಳದಿಯಲ್ಲಿದ್ದ ಇಬ್ಬರೂ, ಪಕ್ಕದ ಕೋಣೆಯ ಚಿಕ್ಕವರೂ ಬರಲಿಲ್ಲ. ಇಟ್ಟಿಗೆ ಗೂಡಿನ ಹುಡುಗನಿಗೆ ಆ ದಿನವೇ ಜ್ವರ. ಉಳಿದ ಮಕ್ಕಳ ಜೊತೆ ಎಂದಿನಂತೆ ಶುರು ಮಾಡಿದೆ. ಮೊದಲ ಸುತ್ತಿನಲ್ಲಿ ಬರವಣಿಗೆಯ ಮೇಜು ಖಾಲಿ. ಗಂಟೆ ಹೊಡೆದೆ, ಎಲ್ಲರೂ ಎದ್ದು ಮುಂದಕ್ಕೆ ಹೋದರು, ಈಗ ಕೈಕೆಲಸದ ಮೇಜು ಖಾಲಿ. ಇನ್ನೊಂದು ಗಂಟೆ, ಟ್ಯಾಬ್ ಮೇಜು ಖಾಲಿ. ಟ್ಯಾಬ್‌ಗಳು ತಾವೇ ಹೊತ್ತಿಕೊಂಡು 'ನಮಸ್ಕಾರ ಮಕ್ಕಳೇ' ಅಂದು ಆರಿಹೋದವು. ಖಾಲಿ ಜಾಗ ಮಕ್ಕಳ ಜೊತೆಗೇ ಕೋಣೆ ಸುತ್ತುತ್ತಿತ್ತು. ಕೊನೆಯ ಸುತ್ತಿನಲ್ಲಿ ಅದು ನನ್ನ ಮೇಜಿಗೆ ಬಂತು. ಎದುರಿಗೆ ಯಾರೂ ಇಲ್ಲದೆ, ಒತ್ತಕ್ಷರದ ಕಾರ್ಡುಗಳನ್ನು ಕೈಯಲ್ಲಿ ಹಿಡಿದುಕೊಂಡು ನಾನು ಆ ಹೊತ್ತು ಕಳೆದೆ. ಉಳಿದ ಮಕ್ಕಳು ತಲೆ ಎತ್ತಿ ಎತ್ತಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲಾ ಗೊತ್ತಿತ್ತು.

ಆ ಸಂಜೆ ಬಸ್ಸು ಬಿಟ್ಟು ಕಾಲೋನಿಗೆ ನಡೆದೆ. ನೀರಿನ ಟ್ಯಾಂಕಿನ ಪಕ್ಕದ ಮನೆಯ ಜಗುಲಿಯಲ್ಲಿ ಮೂರ್ನಾಲ್ಕು ಹೆಂಗಸರು, ಇಬ್ಬರು ಗಂಡಸರು. ವ್ಯಾನು ಆಗಷ್ಟೇ ಬಂದಿತ್ತು, ಪುಟ್ಟಿಯ ತಾಯಿ ಇನ್ನೂ ಕೊರಳಿನ ಐಡಿ ಕಾರ್ಡು ತೆಗೆದಿರಲಿಲ್ಲ. ಕುರ್ಚಿ ತಂದಿಟ್ಟರು. ಮಾತು ನಾನೇ ಶುರು ಮಾಡಬೇಕಾಯಿತು.

"ಬಿಲ್ಲೆ ಇನ್ಮೇಲೆ ಇರಲ್ಲ," ಅಂದೆ. "ಗುಂಪೂ ಕಲೆಸ್ತೀನಿ. ಆದ್ರೆ ಒಂದು ಮಾತು. ಈ ಮಕ್ಕಳಿಗೆ ಓದು ಹಿಂದೆ ಬಿದ್ದಿರೋದು ನಿಜ. ನಾನು ಅವರನ್ನ ಹತ್ರ ಕೂರಿಸ್ಕೊಂಡು ಕಲಿಸಲೇಬೇಕು. ಅದನ್ನ ಬಿಡೋಕಾಗಲ್ಲ."

"ಅದ್ನ ಬುಡಿ ಅಂತ ಯಾರಂದ್ರು?" ಅಂದರು ಒಬ್ಬರು. ಹಿರಿಯರು, ಗುಬ್ಬಿ ಮಂಡಿಯಲ್ಲಿ ಕಾಯಿ ಲೋಡು ಮಾಡುವವರು. "ಕಲ್ಸಿ. ಇನ್ನೂ ಜಾಸ್ತಿ ಕಲ್ಸಿ. ಎದೆ ಮ್ಯಾಲೆ ಹಚ್ಚಿ ಕಳಿಸ್ಬ್ಯಾಡಿ ಅಂತಿದೀವಿ."

"ಬೆಂಗ್ಳೂರೋರು ಬಂದಾಗ ಮತ್ತೆ ಹಚ್ತೀರಾ?" ಪುಟ್ಟಿಯ ತಾಯಿ ಕೇಳಿದರು.

"ಇಲ್ಲ."

ಆ 'ಇಲ್ಲ' ಬಾಯಿಂದ ಬಂದಾಗ ನಾನು ಯಾರನ್ನೂ ಕೇಳಿರಲಿಲ್ಲ. ಮುಖ್ಯ ಶಿಕ್ಷಕರನ್ನೂ ಕೇಳಿರಲಿಲ್ಲ.

ಹೇಳಿದ್ದೇನೋ ಹೇಳಿಬಿಟ್ಟೆ. ಗುಂಪು ಕಲೆಸುವುದು ಹೇಗೆ ಅನ್ನುವುದು ಗೊತ್ತಿರಲಿಲ್ಲ. ಒಬ್ಬ ಹುಡುಗ ಭಿನ್ನರಾಶಿ ಮಾಡುತ್ತಾನೆ, ಪಕ್ಕದವಳು ಇನ್ನೂ ಪದ ಓದುತ್ತಾಳೆ, ಇಬ್ಬರನ್ನೂ ಒಂದೇ ಸಲ ನನ್ನ ಮುಂದೆ ಕೂರಿಸಿಕೊಂಡರೆ ಇಬ್ಬರಿಗೂ ನಷ್ಟ. ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ಕುಣಿಗಲ್ ಕಡೆಯ ಒಬ್ಬ ಶಿಕ್ಷಕಿ ನೆನಪಾದರು. ಫೋನ್ ಮಾಡಿದರೆ, "ನಾನು ಬಿಲ್ಲೆ ಡಬ್ಬಿ ಬಿಚ್ಚಲೇ ಇಲ್ಲ ಕಣ್ರೀ, ಬಂದು ನೋಡಿ," ಅಂದರು. ಮಂಗಳವಾರ ರಜೆ ಹಾಕಿ ಕುಣಿಗಲ್‌ಗೆ ಹೋದೆ. ಮುಖ್ಯ ಶಿಕ್ಷಕರೇ ಎರಡೂ ಕೋಣೆ ನೋಡಿಕೊಳ್ಳಬೇಕಾಯಿತು, ಗೊಣಗಿದರು.

ಕುಣಿಗಲ್ ಶಿಕ್ಷಕಿಯ ಕೋಣೆಯಲ್ಲಿ ಗುಂಪುಗಳು ಬೆರೆತೇ ಸುತ್ತುತ್ತಿದ್ದವು. ಟೀಚರ್ ಮೇಜು ಮಾತ್ರ ಆ ಸುತ್ತಿನಿಂದ ಹೊರಗೆ. ಯಾವ ಮಗುವಿಗೆ ಯಾವುದು ಬರುವುದಿಲ್ಲವೋ ಅದಕ್ಕೆ ತಕ್ಕಂತೆ ಬೇರೆ ಬೇರೆ ಮೇಜುಗಳಿಂದ ಹೆಸರು ಹಿಡಿದು ಕರೆಯುತ್ತಿದ್ದರು. ಒತ್ತಕ್ಷರಕ್ಕೆ ನಾಲ್ವರು, ಸ್ವಲ್ಪ ಹೊತ್ತಿನ ಮೇಲೆ ಭಿನ್ನರಾಶಿಗೆ ಮೂವರು, ಆಮೇಲೆ ಕಥೆ ಬರೆಯುವುದಕ್ಕೆ ಇನ್ನೊಂದಷ್ಟು ಜನ. ಚೆನ್ನಾಗಿ ಓದುವವರಿಗೂ ಕರೆ ಬರುತ್ತಿತ್ತು. "ಎಲ್ಲರನ್ನೂ ಕರೀಬೇಕು, ಅದೇ ಗುಟ್ಟು," ಅಂದರು. "ಬರೀ ಓದು ಬರದೋರನ್ನೇ ಕರೆದ್ರೆ ಎರಡೇ ದಿನಕ್ಕೆ ಮಕ್ಕಳು ಕಂಡುಹಿಡೀತಾರೆ." ಕಷ್ಟವೂ ಹೇಳಿದರು. ಕರೆದ ಮಗು ಬಿಟ್ಟು ಬಂದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಅದನ್ನು ಮುಗಿಸಲು ಕೊನೆಯಲ್ಲಿ ಸಮಯ ಇಡಬೇಕು. ಯಾರನ್ನು ಯಾವಾಗ ಕರೆಯುವುದು ಅಂತ ಹಿಂದಿನ ದಿನವೇ ಯೋಚಿಸಿಟ್ಟಿರಬೇಕು. ವಾಪಸ್ ಬರುವ ಬಸ್ಸಿನಲ್ಲಿ ನಾನು ನನ್ನ ಮಕ್ಕಳ ಹೆಸರುಗಳನ್ನು ಬೆರಳಲ್ಲಿ ಎಣಿಸುತ್ತಾ, ಜೋಡಿಸುತ್ತಾ, ಮತ್ತೆ ಬೇರೆ ಮಾಡುತ್ತಾ ಬಂದೆ.

ಬುಧವಾರ ಕಾಲೋನಿಯ ಮಕ್ಕಳು ಬಂದರು. ಬಿಲ್ಲೆಗಳನ್ನೆಲ್ಲ ಡಬ್ಬಿಗೆ ಹಾಕಿಸಿದೆ. ಹಸಿರಿನವರು ಮೊದಲು ಕೊಡಲು ಒಪ್ಪಲಿಲ್ಲ, ಒಬ್ಬಳು ಅತ್ತೇಬಿಟ್ಟಳು. ಹೊಸ ಗುಂಪು ಮಾಡಿ ಟ್ಯಾಬ್ ಮೇಜಿನಲ್ಲಿ ಒಂದು ಟ್ಯಾಬ್‌ಗೆ ಇಬ್ಬರನ್ನು ಕೂರಿಸಿದೆ. ಒಂದು ಟ್ಯಾಬ್‌ಗೆ ಎರಡು ಹೆಡ್‌ಫೋನ್ ಸಿಕ್ಕಿಸುವ ಪಿನ್ನು ತುಮಕೂರಿನಿಂದ ತಂದಿದ್ದೆ. ಹೆಡ್‌ಫೋನ್‌ಗಳು ಸುತ್ತಿಗೊಮ್ಮೆ ಕೈ ಬದಲಾಗುತ್ತಿದ್ದವು. ಪುಟ್ಟಿಯ ಜೋಡಿಗೆ ಬಂದವನು ಶಾಲಾ ಸಮಿತಿ ಅಧ್ಯಕ್ಷರ ಮೊಮ್ಮಗ. ಯೋಚಿಸಿ ಮಾಡಿದ್ದಲ್ಲ. ಅವನು ಲೆಕ್ಕದಲ್ಲಿ ಮುಂದು, ಅವಳು ಚಿತ್ರ ನೋಡಿ ಊಹಿಸುವುದರಲ್ಲಿ ಮುಂದು, ಅಷ್ಟೇ.

ಮರುದಿನ ಅಧ್ಯಕ್ಷರು ಪಾಠದ ಮಧ್ಯೆಯೇ ಬಂದರು. ತೋಟ, ಹೊಲ ಇರುವ ಮನೆ, ಶಾಲೆಯ ಕಾಂಪೌಂಡಿಗೆ ಓಡಾಡಿದವರು, ನನ್ನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವರಲ್ಲ.

"ಮೇಡಂ, ಕಿವಿಗೆ ಹಾಕ್ಕೊಳೋದನ್ನ ಒಬ್ರಿಂದೊಬ್ರು ಹಾಕ್ಕೊತಾ ಇದಾರಂತೆ. ಹೇನು ಬರ್ತದೆ. ನಮ್ಮ ಹುಡುಗನಿಗೆ ಒಂದು ಬೇರೆ ಕೊಡ್ಸಿ. ಇಲ್ಲ ನಾವೇ ತಂದ್ಕೊಡ್ತೀವಿ."

"ಪ್ರತಿ ಸುತ್ತಿಗೂ ಒರೆಸ್ತೀವಿ ಸರ್. ಮಕ್ಕಳೇ ಒರೆಸ್ತಾರೆ."

"ಒರೆಸೋದಲ್ಲ. ಬೇರೆ ಕೊಡಿ ಅಂತಿದೀನಿ. ಮುಂಚೆ ಇದ್ದಂಗೇ ಇದ್ರೆ ಏನಾಗ್ತಿತ್ತು? ಚೆನ್ನಾಗಿ ನಡೀತಿತ್ತಲ್ಲ."

ಪುಟ್ಟಿ ಹೆಡ್‌ಫೋನ್ ಕಿವಿಯಿಂದ ತೆಗೆದು ಮೇಜಿನ ಮೇಲೆ ಇಟ್ಟಳು, ಮೆಲ್ಲಗೆ ಅದನ್ನು ತನ್ನಿಂದ ದೂರ ತಳ್ಳಿದಳು. ಒಂದು ಹೆಡ್‌ಫೋನ್ ತಾನೇ, ತರಲಿ ಬಿಡು ಅಂತ ಹೇಳಿಬಿಡುವುದು ಸುಲಭವಿತ್ತು. ಹೇಳಿದರೆ ನಾಳೆ ಹಸಿರಿನಲ್ಲಿದ್ದ ಪ್ರತಿ ಮನೆಯಿಂದಲೂ ಒಂದೊಂದು ಬರುತ್ತದೆ, ಬಿಲ್ಲೆ ಹೋಗಿ ಹೆಡ್‌ಫೋನ್ ಬರುತ್ತದೆ ಅಷ್ಟೇ. "ಆಗಲ್ಲ ಸರ್," ಅಂದೆ.

ಆಗ ಪಕ್ಕದ ಕೋಣೆಯಿಂದ ಮುಖ್ಯ ಶಿಕ್ಷಕರು ಬಂದರು. ನನ್ನನ್ನು ತಡೆಯಲು ಬಂದರು ಅಂದುಕೊಂಡೆ.

"ಅಧ್ಯಕ್ಷರೇ, ಹೇನಿನ ವಿಚಾರ ಅಲ್ವಾ? ಎಲ್ಲಾ ಮಕ್ಕಳ ತಲೇನೂ ನೋಡಿಸ್ಬುಡೋಣ. ಆಶಾ ಕಾರ್ಯಕರ್ತೇನ ಕರೆಸ್ತೀನಿ. ನಿಮ್ಮ ಮೊಮ್ಮಗನಿಂದಾನೇ ಶುರು ಮಾಡೋಣ."

ಒಂದಿಬ್ಬರು ಮಕ್ಕಳು ನಕ್ಕರು. ಅಧ್ಯಕ್ಷರು ನಗಲಿಲ್ಲ. ಮುಖ್ಯ ಶಿಕ್ಷಕರೂ ನಗಲಿಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು ಅಂತ ನನಗೆ ಗೊತ್ತಾದದ್ದು ಆಮೇಲೆ. ಅಧ್ಯಕ್ಷರು ಮೊಮ್ಮಗನ ಬ್ಯಾಗು ತಗೊಂಡು, ಅವನ ಕೈ ಹಿಡಿದು ನಡೆದರು. ಹುಡುಗ ಬಾಗಿಲವರೆಗೂ ಟ್ಯಾಬಿನ ಕಡೆ ತಿರುಗಿ ತಿರುಗಿ ನೋಡುತ್ತಾ ಹೋದ. ಲೆಕ್ಕ ಅರ್ಧಕ್ಕೆ ನಿಂತಿತ್ತು. ಆ ವಾರವೇ ಅವನ ವರ್ಗಾವಣೆ ಪತ್ರ ಕೇಳಿದರು. ಗುಬ್ಬಿಯ ಒಂದು ಶಾಲೆಯ ವ್ಯಾನು ಈಗ ಅವರ ಮನೆ ಮುಂದೆ ನಿಲ್ಲುತ್ತದೆ. ಇನ್ನೆರಡು ಮನೆಯವರು ಅವರ ಹಿಂದೆಯೇ ಹೋಗುತ್ತಾರೆ ಅನ್ನುವ ಮಾತು ಊರಲ್ಲಿ ಹಬ್ಬಿತು. ಮಕ್ಕಳ ಸಂಖ್ಯೆ ಇಳಿದರೆ ಒಂದು ಹುದ್ದೆ ಹೋಗುತ್ತದೆ, ಆ ಹುದ್ದೆ ನನ್ನದು. ಮುಖ್ಯ ಶಿಕ್ಷಕರು ಅದನ್ನು ಎತ್ತಿ ಆಡಲಿಲ್ಲ. "ಬುಡಿ, ನೋಡೋಣ," ಅಂದರು.

ಸಂಸ್ಥೆಯವರು ಬರುವ ದಿನ ಬಂತು. ಸಂಯೋಜಕ ಎಲ್ಲರಿಗಿಂತ ಮುಂಚೆ ಬೈಕಿನಲ್ಲಿ ಬಂದ. ನಿದ್ದೆ ಇಲ್ಲದ ಮುಖ. ಬೀರುವಿನಿಂದ ಬಿಲ್ಲೆ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಇದೊಂದು ದಿನ ಮೇಡಂ. ಅವರು ಹೋದ ತಕ್ಷಣ ತೆಗೆದುಬಿಡಿ. ಗುಂಪು ಸರಿ ಇಲ್ಲ ಅಂತ ಕಂಡ್ರೆ ಟ್ಯಾಬ್ ಬೇರೆ ಶಾಲೆಗೆ ಹೋಗುತ್ತೆ. ನನ್ನ ಕೆಲಸಾನೂ ಹೋಗುತ್ತೋ ಏನೋ."

ಸುಳ್ಳು ಹೇಳುತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಟ್ಯಾಬ್ ಹೋದರೆ ಕಳೆದುಕೊಳ್ಳುವವರು ಮೊದಲು ಪುಟ್ಟಿಯಂಥ ಮಕ್ಕಳೇ, ಮನೆಯ ಒಂದೇ ಫೋನನ್ನು ತಾಯಿ ಸಂಜೆ ವ್ಯಾನಿನಲ್ಲಿ ತರುವವರೆಗೆ ಕಾಯುವ ಮಕ್ಕಳು. ಅದೂ ಒಂದು ನ್ಯಾಯವೇ. ಒಂದು ದಿನ, ಒಂದೇ ದಿನ ಅಂತ ಮನಸ್ಸು ಅತ್ತಿತ್ತ ಹೊಯ್ದಾಡಿತು. ಡಬ್ಬಿಯ ಮುಚ್ಚಳ ತೆರೆದು ಹಾಗೇ ಇಟ್ಟು, ಬೋರ್ಡಿನ ಮೇಲೆ ದಿನಾಂಕ ಬರೆಯಲು ತಿರುಗಿದೆ. ತೀರ್ಮಾನ ಮಾಡಲಾಗದೆ ತಿರುಗಿದ್ದು.

ಬರೆದು ಮುಗಿಸಿ ನೋಡಿದರೆ ಪುಟ್ಟಿ ಡಬ್ಬಿಯ ಹತ್ತಿರ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಎಲ್ಲ ಬಣ್ಣಗಳೂ ಕಲೆತುಹೋಗಿದ್ದ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಕೆಂಪು ಬಿಲ್ಲೆ ಹುಡುಕಿ ತೆಗೆದಳು. ಅಂಗಿಯ ಎಡಗಡೆಗೆ ಸಿಕ್ಕಿಸಿಕೊಂಡು, ವಾಲಿದೆಯಾ ಅಂತ ಬಗ್ಗಿ ನೋಡಿ ಸರಿ ಮಾಡಿಕೊಂಡಳು. ಆಮೇಲೆ ಕಾಲೋನಿಯ ಇನ್ನೊಬ್ಬ ಹುಡುಗನಿಗೂ ಒಂದು ಹುಡುಕತೊಡಗಿದಳು.

ನಾನು ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಿಲ್ಲೆಯ ಕ್ಲಿಪ್ಪು ಬಿಚ್ಚಿದೆ.

"ಬೇಡ್ವಾ ಮಿಸ್?"

"ಬೇಡ."

"ಅವ್ರು ಬರ್ತಾರಲ್ಲ?"

"ಬರ್ಲಿ."

ಡಬ್ಬಿಯನ್ನು ಸಂಯೋಜಕನ ಕೈಗೆ ಕೊಟ್ಟೆ. ಅವನು ಅದನ್ನು ಹೊರಗೆ ಒಯ್ದು ಬೈಕಿನ ಬ್ಯಾಗಿಗೆ ಹಾಕಿ ಬಂದ.

ಬಂದವರು ನಾಲ್ವರು. ಮುಖ್ಯಸ್ಥೆ ನನ್ನ ವಯಸ್ಸಿನವರೇ, ಮೃದು ಮಾತು. ಮಕ್ಕಳು ಬಾಣದ ಮೇಲೆ ನಡೆದು ಮೇಜು ಬದಲಿಸಿದ್ದನ್ನು ವಿಡಿಯೋ ಮಾಡಿಕೊಂಡರು. ನಾನು ಒತ್ತಕ್ಷರಕ್ಕೆ ನಾಲ್ವರನ್ನು ಕರೆದೆ, ಕಳಿಸಿದೆ. ಭಿನ್ನರಾಶಿಗೆ ಕರೆದೆ, ಕಳಿಸಿದೆ. ಟ್ಯಾಬ್ ಮೇಜಿನಲ್ಲಿ ಇಬ್ಬರು ಒಂದು ಉತ್ತರಕ್ಕಾಗಿ ಪಿಸುಗುಟ್ಟಿ ಜಗಳವಾಡುತ್ತಿದ್ದರು. ಮುಖ್ಯಸ್ಥೆ ಎರಡು ಸುತ್ತು ನೋಡಿ ನನ್ನ ಪಕ್ಕ ಬಂದರು.

"ಕಲಿಕೆಯಲ್ಲಿ ಹಿಂದಿರೋ ಗುಂಪು ಯಾವುದು ಮೇಡಂ? ಗೊತ್ತಾಗ್ತಿಲ್ಲ."

"ಗೊತ್ತಾಗಬಾರದು ಅಂತಾನೇ ಹೀಗೆ ಮಾಡಿರೋದು," ಅಂದೆ. ಆಮೇಲೆ ವರಾಂಡಕ್ಕೆ ಕರೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಯಾವ ಬಣ್ಣದಲ್ಲಿ ಯಾರಿದ್ದರು ಅನ್ನುವುದನ್ನೂ ಹೇಳಿದೆ. "ನಾವು ಇದನ್ನ ಯೋಚಿಸಿರಲಿಲ್ಲ," ಅಂದರು ಆಕೆ. ನಿಜ ಹೇಳಿದರು ಅನ್ನಿಸಿತು.

ಆದರೂ ಅವರದೊಂದು ಪದ್ಧತಿ ಇತ್ತು, ಅದಕ್ಕೆ ನಾವು ಹೊಂದಲಿಲ್ಲ. ಜೋಡಿಯಾಗಿ ಕೂತವರ ಅಂಕಗಳಲ್ಲಿ ಯಾರದು ಯಾವುದು ಅಂತ ಆ್ಯಪಿಗೆ ತಿಳಿಯಲಿಲ್ಲ. ಕಾರ್ಯಕ್ರಮದ ಅವಧಿ ಮುಗಿದ ಮೇಲೆ ಟ್ಯಾಬ್‌ಗಳನ್ನು ಬೇರೆ ಶಾಲೆಗೆ ಕೊಡುವುದಾಗಿ ಸಂದೇಶ ಬಂತು. ಮುಂದಿನ ಶಾಲೆಗಳಿಗೆ ಬಿಲ್ಲೆ ಕಳಿಸುವುದಿಲ್ಲ ಅಂತಲೂ ಅದರಲ್ಲಿ ಒಂದು ಸಾಲಿತ್ತು. ಒಯ್ಯಲು ಬಂದವನು ಅದೇ ಸಂಯೋಜಕ. ಅವನ ಕೆಲಸ ಉಳಿದಿತ್ತು. ಮಕ್ಕಳು ಸಾಲಾಗಿ ನಿಂತು ಒಂದೊಂದೇ ಟ್ಯಾಬನ್ನು ಒರೆಸಿ ಅವನ ಪೆಟ್ಟಿಗೆಗೆ ಹಾಕಿದರು. ಇಬ್ಬರು ಅತ್ತರು.

ಹುದ್ದೆ ಆ ವರ್ಷಕ್ಕೆ ಉಳಿಯಿತು. ಹೋಗುತ್ತೇವೆ ಅಂದಿದ್ದ ಇನ್ನೆರಡು ಮನೆಯವರು ಹೋಗಲಿಲ್ಲ. ಕೆಂಪು ಬಿಲ್ಲೆ ಹಾಕಿಕೊಳ್ಳುತ್ತಿದ್ದ ಆರು ಜನರಲ್ಲಿ ನಾಲ್ವರು ಈಗ ಪುಟ ಓದುತ್ತಾರೆ, ನಿಧಾನವಾಗಿ. ಇಬ್ಬರಿಗೆ ಇನ್ನೂ ಕಷ್ಟ. ನಾನು ಇನ್ನೂ ಅವರನ್ನು ಕರೆಯುತ್ತಿದ್ದೇನೆ.

ಟ್ಯಾಬ್ ಹೋದ ಮೇಲೆ ಒಂದು ಬುಧವಾರ ಪುಟ್ಟಿಯ ತಾಯಿ ಬಂದರು.

"ಟ್ಯಾಬ್ ತಗೊಂಡೋದ್ರಂತಲ್ಲ ಮಿಸ್. ನಮ್ಮಿಂದಾನಾ?"

"ಅವರ ಪದ್ಧತಿಗೆ ನಾನು ಒಪ್ಪಲಿಲ್ಲ. ಅದಕ್ಕೆ."

ಆಕೆ ಕೋಣೆಯ ಒಳಗೆ ನೋಡಿದರು. ನಾಲ್ಕು ಮೇಜುಗಳಲ್ಲೂ ಮಕ್ಕಳಿದ್ದರು. ಟ್ಯಾಬ್ ಇದ್ದ ಮೇಜಿನಲ್ಲಿ ಈಗ ನನ್ನ ಹಳೆಯ ಫೋನು ಮಧ್ಯದಲ್ಲಿ ಕೂತು ಒಂದು ಕಥೆ ಹೇಳುತ್ತಿತ್ತು. ನಾನೇ ಓದಿ ರೆಕಾರ್ಡ್ ಮಾಡಿದ್ದು. ಆರು ತಲೆಗಳು ಅದರ ಮೇಲೆ ಬಾಗಿದ್ದವು.

"ಅಲ್ಲೇನ್ ಮಾಡ್ತವೆ?"

"ಕೇಳಿ, ಆಮೇಲೆ ಬರೀಬೇಕು. ಒಳಗೆ ಬಂದು ಕೂತ್ಕೊಳಿ, ನೋಡಿ."

ಬೇಡ ಬೇಡ ಅಂದರು. ಚಪ್ಪಲಿ ಬಿಟ್ಟು ಬಂದರು. ಪುಟ್ಟಿ ಸರಿದು ಬೆಂಚಿನ ಮೇಲೆ ಜಾಗ ಕೊಟ್ಟಳು. ಆ ಕಡೆ ಒಬ್ಬ ಹುಡುಗಿ, ಹಿಂದೆ ಹಸಿರಿನಲ್ಲಿದ್ದವಳು, ತನ್ನ ಸ್ಲೇಟು ಎತ್ತಿಕೊಂಡು ಇನ್ನಷ್ಟು ಜಾಗ ಮಾಡಿದಳು. ಆಕೆ ಮೊಣಕಾಲು ಮೇಜಿಗೆ ತಗಲುವಂತೆ ಮುದುಡಿ ಕೂತು, ಮಕ್ಕಳಂತೆಯೇ ಫೋನಿನ ಕಡೆ ಕಿವಿ ಬಗ್ಗಿಸಿದರು. ನಾನು ನನ್ನ ಮೇಜಿಗೆ ಹೋಗಿ ಕರೆಯಬೇಕಾದವರನ್ನು ಕರೆದೆ.

ಹೊತ್ತಾಯಿತು, ಗಂಟೆ ಹೊಡೆದೆ. ಮಕ್ಕಳು ಎದ್ದರು. ಆಕೆ ಕೂತೇ ಇದ್ದರು.

"ಅವ್ವ, ಏಳು," ಅಂದಳು ಪುಟ್ಟಿ. "ಇಲ್ಲೇ ಕೂತಿರೋ ಹಂಗಿಲ್ಲ. ಈಗ ನಾವು ಆ ಮೇಜಿಗೆ ಹೋಗ್ಬೇಕು."

ತಾಯಿ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಆಕೆ ಸೆರಗು ಸರಿಮಾಡಿಕೊಂಡು ಎದ್ದು, ಬಾಣದ ಗುರುತಿನ ಮೇಲೆ ಮಕ್ಕಳ ಹಿಂದೆ ಮುಂದಿನ ಮೇಜಿಗೆ ನಡೆದರು.